ಗೂಬೆ ನಾಣ್ಯದ ಅಸಲಿಯತ್ತು

ಅಥೆನ್ಸ್ ನಗರದ ಹಳೆಯ ಸಂತೆ ಮೈದಾನ ಅಗೋರಾದಲ್ಲಿ 1970ರಲ್ಲಿ ಉತ್ಖನನ ನಡೆದಿದ್ದಾಗ ಅಕ್ಷರ ಕೊರೆದ ಅಮೃತಶಿಲೆಯ ಚಪ್ಪಡಿಯೊಂದು ಸಿಕ್ಕಿತು. ಕ್ರಿ.ಪೂ. 375ರ ಸುಮಾರಿಗೆ ನಿಕೋಫಾನ್ ಎಂಬ ನಾಗರಿಕ ಮಂಡಿಸಿದ ಕಾನೂನು ಅದರ ಮೇಲಿತ್ತು. ವಿಷಯ, ಬೆಳ್ಳಿ ನಾಣ್ಯದ ಪರೀಕ್ಷೆ. ಸಂತೆಯಲ್ಲಿ ಲೇವಾದೇವಿಗಾರರು ಮೇಜು ಹಾಕಿಕೊಂಡು ಕೂರುವ ಕಡೆ ನಗರದ ಪರವಾಗಿ ನಾಣ್ಯಪರೀಕ್ಷಕನೊಬ್ಬ ಕೂರಬೇಕು. ಅವನು ಸ್ವತಂತ್ರ ನಾಗರಿಕನಲ್ಲ, ನಗರದ ಒಡೆತನದ ಗುಲಾಮ. ಆದರೆ ಅವನು ಸರಿಯೆಂದ ನಾಣ್ಯವನ್ನು ಯಾವ ವ್ಯಾಪಾರಿಯೂ ಬೇಡವೆನ್ನುವಂತಿಲ್ಲ. ಬೇಡವೆಂದರೆ ಆ ದಿನ ಮಾರಾಟಕ್ಕಿಟ್ಟ ಸರಕೆಲ್ಲ ಮುಟ್ಟುಗೋಲು. ಒಳಗೆ ಕಂಚೋ ಸೀಸವೋ ಇದ್ದು ಮೇಲೆ ಬೆಳ್ಳಿ ಹೊದಿಸಿದ ನಾಣ್ಯ ಸಿಕ್ಕಿದರೆ ಪರೀಕ್ಷಕ ಅದನ್ನು ಅಲ್ಲೇ ಕಡಿದು ದೇವಮಾತೆಗೆ ಮೀಸಲಿಡಬೇಕು. ಹೊರನಾಡಿನಲ್ಲಿ ಅಥೆನ್ಸಿನ ಮುದ್ರೆಯನ್ನೇ ಒತ್ತಿ ಮಾಡಿದ್ದು, ಆದರೆ ಬೆಳ್ಳಿ ಚೊಕ್ಕವಾಗಿದೆ ಎಂದಾದರೆ ತಂದವನಿಗೇ ಹಿಂದಿರುಗಿಸಬೇಕು. ಪರೀಕ್ಷಕ ಕೆಲಸ ತಪ್ಪಿಸಿದರೆ ಐವತ್ತು ಛಡಿಯೇಟು.

ಇಂದು ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯ ಕೊಳ್ಳಲು ಹೊರಟವರ ಮುಂದೆಯೂ ಇರುವುದು ಅದೇ ಮೂರು ಗುಂಪು: ಅಸಲಿ, ಅನುಕರಣೆ, ಖೋಟಾ. ಜೊತೆಗೆ, ಆ ಗುಲಾಮ ಕೇಳಬೇಕಾಗಿಲ್ಲದಿದ್ದ ಪ್ರಶ್ನೆಯೊಂದು ಸೇರಿಕೊಂಡಿದೆ: ಈ ನಾಣ್ಯ ಯಾವ ನೆಲದಿಂದ ಎದ್ದು, ಯಾರ ಕೈ ದಾಟಿ ಇಲ್ಲಿಗೆ ಬಂತು? ಸಂಗ್ರಾಹಕರು ಬಹುಕಾಲ ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟೇ ನಡೆದರು. ಅದಕ್ಕೆ ಉತ್ತರವಿಲ್ಲದಿದ್ದರೆ ಮಿಕ್ಕ ಉತ್ತರಗಳೂ ಅರೆಬರೆಯಾಗುತ್ತವೆ ಎಂಬುದು ಕಳೆದ ನಾಲ್ಕು ದಶಕಗಳಲ್ಲಿ ಮತ್ತೆ ಮತ್ತೆ ಸಾಬೀತಾಗಿದೆ.

ಗಣಿಯಿಂದ ಪೇಟೆಗೆ

ಅಥೆನ್ಸ್ ಇಷ್ಟು ಎಚ್ಚರ ವಹಿಸಿದ್ದಕ್ಕೆ ಕಾರಣವಿತ್ತು. ಮೆಡಿಟರೇನಿಯನ್ ಕರಾವಳಿಯ ಉದ್ದಕ್ಕೂ ಅದರ ನಾಣ್ಯಕ್ಕೆ ಇದ್ದ ಮನ್ನಣೆ ಬೇರೆ ನಾಣ್ಯಗಳಿಗೆ ಇರಲಿಲ್ಲ. ಮುಮ್ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ಹಿಮ್ಮುಖದಲ್ಲಿ ಅವಳ ಹಕ್ಕಿ ಗೂಬೆ, ಮಗ್ಗುಲಲ್ಲಿ ಆಲಿವ್ ಚಿಗುರು, ಪುಟ್ಟ ಚಂದ್ರಕಲೆ, ಊರ ಹೆಸರಿನ ಮೊದಲ ಮೂರು ಅಕ್ಷರ: ಆಲ್ಫಾ, ಥೀಟಾ, ಎಪ್ಸಿಲಾನ್. ನಮ್ಮಲ್ಲಿ ಮನೆಯ ಮೇಲೆ ಕೂತರೆ ಅಪಶಕುನವೆನಿಸುವ ಗೂಬೆ ಅಲ್ಲಿ ವಿವೇಕದ ದೇವತೆಯ ಸಂಗಾತಿ. ಜನ ನಾಣ್ಯವನ್ನು ಕರೆಯುತ್ತಿದ್ದದ್ದೂ ‘ಗೂಬೆ’ ಎಂದೇ. ಹಾಗೆಯೇ ಈಜೈನಾ ದ್ವೀಪದ ನಾಣ್ಯ ‘ಆಮೆ’, ರೆಕ್ಕೆಯ ಕುದುರೆಯಿದ್ದ ಕಾರಿಂತ್ ನಗರದ ನಾಣ್ಯ ‘ಕುದುರೆಮರಿ’.

ಗೂಬೆಯ ಬೆಳ್ಳಿ ಬರುತ್ತಿದ್ದದ್ದು ಅಥೆನ್ಸಿನ ಆಗ್ನೇಯಕ್ಕಿರುವ ಲಾರಿಯಾನ್ ಗಣಿಗಳಿಂದ. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಸಮೃದ್ಧವಾದ ಹೊಸ ಅದಿರು ಸಿಕ್ಕಿತು. ತಲೆಗೆ ಹತ್ತು ಡ್ರಾಕ್ಮದಂತೆ ನಾಗರಿಕರಿಗೆ ಹಂಚಿಬಿಡಬೇಕೆಂಬ ಮಾತು ನಡೆದಿದ್ದಾಗ ಮುತ್ಸದ್ದಿ ಥೆಮಿಸ್ಟೊಕ್ಲಿಸ್ ತಡೆದು, ಆ ಹಣದಲ್ಲಿ ಯುದ್ಧನೌಕೆ ಕಟ್ಟಲು ಒಪ್ಪಿಸಿದ. ಇನ್ನೂರು ನೌಕೆ ಎನ್ನುತ್ತಾನೆ ಹೆರೊಡೋಟಸ್. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ನೌಕಾಪಡೆಯನ್ನು ಮುರಿದದ್ದು ಆ ಪಡೆಯೇ. ಮುಂದೆ ಮಿತ್ರರಾಜ್ಯಗಳ ಕಪ್ಪ ಅಥೆನ್ಸಿಗೆ ಹರಿದುಬಂತು, ಕ್ರಿ.ಪೂ. 454ರಲ್ಲಿ ಡೆಲೋಸ್ ದ್ವೀಪದ ಜಂಟಿ ಖಜಾನೆಯೇ ಅಥೆನ್ಸಿಗೆ ಸ್ಥಳಾಂತರವಾಯಿತು. ಅಲ್ಲಿಂದ ಐವತ್ತು ವರ್ಷ ಗೂಬೆ ನಾಣ್ಯಗಳು ರಾಶಿ ರಾಶಿಯಾಗಿ ಹೊರಬಿದ್ದವು. ಇಂದು ಹರಾಜುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಅವಧಿಯವೇ.

ಈ ಬೆಳ್ಳಿಯನ್ನು ನೆಲದಡಿಯಿಂದ ತೆಗೆದವರು ಗುಲಾಮರು. ನಿಕಿಯಾಸ್ ಎಂಬ ಸಿರಿವಂತ ಸೇನಾನಿ ಸಾವಿರ ಗುಲಾಮರನ್ನು ತಲೆಗೆ ದಿನಕ್ಕೆ ಒಂದು ಓಬಲ್‌ನಂತೆ ಗಣಿಗೆ ಬಾಡಿಗೆಗೆ ಬಿಟ್ಟಿದ್ದನೆಂದು ಕ್ಸೆನೊಫಾನ್ ದಾಖಲಿಸಿದ್ದಾನೆ. ಆರು ಓಬಲ್ ಸೇರಿದರೆ ಒಂದು ಡ್ರಾಕ್ಮ. ಕ್ರಿ.ಪೂ. ಐದನೆಯ ಶತಮಾನದ ಕೊನೆಯಲ್ಲಿ ಎರೆಕ್ಥಿಯಾನ್ ದೇಗುಲ ಕಟ್ಟಿದ ಕುಶಲಕರ್ಮಿಯ ದಿನಗೂಲಿ ಒಂದು ಡ್ರಾಕ್ಮ ಇತ್ತೆಂದು ಲೆಕ್ಕದ ಶಾಸನಗಳು ಹೇಳುತ್ತವೆ. ನಾಲ್ಕು ಡ್ರಾಕ್ಮದ ಒಂದು ದೊಡ್ಡ ಗೂಬೆ ಎಂದರೆ ಅಂಥವನ ನಾಲ್ಕು ದಿನದ ಬೆವರು.

ತೂಕ ಮೊದಲು, ಚಿತ್ರ ಆಮೇಲೆ

ಹೊಸಬರು ನಾಣ್ಯ ಕೈಗೆ ಬಂದೊಡನೆ ಚಿತ್ರ ನೋಡುತ್ತಾರೆ. ಪಳಗಿದವರು ತಕ್ಕಡಿಗೆ ಹಾಕುತ್ತಾರೆ. ಗ್ರೀಕ್ ನಗರಗಳು ನೂರಾರು. ಒಂದೊಂದಕ್ಕೂ ಸ್ವಂತ ಟಂಕಸಾಲೆ, ಸ್ವಂತ ಲಾಂಛನ. ಆದರೆ ತೂಕದ ಪದ್ಧತಿಗಳು ಕೆಲವೇ. ಅಥೆನ್ಸಿನ ಪದ್ಧತಿಯಲ್ಲಿ ಒಂದು ಡ್ರಾಕ್ಮ ಸುಮಾರು 4.3 ಗ್ರಾಂ, ನಾಲ್ಕು ಡ್ರಾಕ್ಮದ ನಾಣ್ಯ 17.2 ಗ್ರಾಂ, ಓಬಲ್ 0.72 ಗ್ರಾಂ. ಈಜೈನಾದ ಆಮೆ 12.2 ಗ್ರಾಂ. ಕಾರಿಂತಿನ ಕುದುರೆಮರಿ 8.6 ಗ್ರಾಂ, ಅದನ್ನು ಎರಡಾಗಿ ಅಲ್ಲ, ಮೂರಾಗಿ ಭಾಗಿಸುತ್ತಿದ್ದರು. ಸಿಸಿಲಿಯ ಸಿರಾಕ್ಯೂಸ್ ನಗರ ಅಥೆನ್ಸಿನ ತೂಕವನ್ನೇ ಅನುಸರಿಸಿ 43 ಗ್ರಾಂನ ಹತ್ತು ಡ್ರಾಕ್ಮದ ನಾಣ್ಯವನ್ನೂ ಹೊರಡಿಸಿತು. ಅದರ ಅಚ್ಚು ಕೆತ್ತಿದ ಕಿಮೋನ್, ಯುವೈನೆಟಸ್ ಎಂಬ ಶಿಲ್ಪಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ. ತೂಕ ಯಾವ ಪದ್ಧತಿಗೂ ಹೊಂದದಿದ್ದರೆ ಅನುಮಾನಕ್ಕೆ ಅದೇ ಮೊದಲ ಕಾರಣ. ಸವೆತದಿಂದ ತೂಕ ಕೊಂಚ ಇಳಿಯಬಹುದು, ಏರುವುದು ಅಪರೂಪ.

ನಾಣ್ಯ ತಯಾರಾಗುತ್ತಿದ್ದ ಬಗೆ ತಿಳಿದಿದ್ದರೆ ಗುರುತಿಸುವುದು ಸುಲಭ. ಮುಮ್ಮುಖದ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಅದರ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಹಿಮ್ಮುಖದ ಅಚ್ಚಿರುವ ಉಳಿಯನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ವಾಲಿದರೆ ಚಿತ್ರವೂ ವಾಲುತ್ತಿತ್ತು. ಬೆಳ್ಳಿ ಹೊರಕ್ಕೆ ಹರಿದು ಅಂಚು ಜೋಳದ ರೊಟ್ಟಿಯ ಹಾಗೆ ಬಿರಿಯುತ್ತಿತ್ತು. ಅಥೆನ್ಸಿನವರು ದಪ್ಪ, ಕಿರಿದಾದ ಬಿಲ್ಲೆ ಬಳಸಿದ್ದರಿಂದ ಅಥೀನಾಳ ಶಿರಸ್ತ್ರಾಣದ ಜುಟ್ಟು ಎಷ್ಟೋ ನಾಣ್ಯಗಳಲ್ಲಿ ಬಿಲ್ಲೆಯ ಆಚೆಗೇ ಹೋಗಿದೆ. ಜುಟ್ಟು ಪೂರ್ತಿ ಕೂತ ನಾಣ್ಯಕ್ಕೆ ಬೆಲೆ ಹೆಚ್ಚು. ಉಳಿಗೆ ನೇರವಾಗಿ ಪೆಟ್ಟು ಬೀಳುವುದರಿಂದ ಹಿಮ್ಮುಖದ ಅಚ್ಚು ಬೇಗ ಹಾಳಾಗುತ್ತಿತ್ತು. ಹೊಸ ಉಳಿ ಬರುತ್ತಿತ್ತು, ಅಡಿಯ ಅಚ್ಚು ಹಳೆಯದೇ ಮುಂದುವರಿಯುತ್ತಿತ್ತು. ಯಾವ ಮುಮ್ಮುಖದ ಜೊತೆ ಯಾವ ಹಿಮ್ಮುಖ ಕೂಡಿದೆ, ಅಚ್ಚಿನ ಬಿರುಕು ಯಾವುದರಲ್ಲಿ ಹೆಚ್ಚು ಬೆಳೆದಿದೆ ಎಂದು ಹೋಲಿಸುತ್ತ ಹೋದರೆ ಯಾವ ನಾಣ್ಯ ಮೊದಲು, ಯಾವುದು ಆಮೇಲೆ ಎಂಬ ಸಾಲು ಸಿಗುತ್ತದೆ. ಇಸವಿಯೇ ಇಲ್ಲದ ನಾಣ್ಯಗಳಿಗೆ ಕಾಲ ನಿರ್ಣಯಿಸುವ ಬೆನ್ನೆಲುಬು ಈ ಅಚ್ಚಿನ ಹೋಲಿಕೆ.

ಕಾಲ ಹೇಳುವ ಕಣ್ಣು

ಇನ್ನು ಚಿತ್ರ. ಗೂಬೆಯ ಮೇಲೆ ಇಸವಿ ಇಲ್ಲ, ಅಧಿಕಾರಿಯ ಹೆಸರೂ ಇಲ್ಲ. ಆದರೆ ಅಥೀನಾಳ ಶಿರಸ್ತ್ರಾಣ, ಕಣ್ಣು ಮತ್ತು ಹಕ್ಕಿಯ ಬಾಲ ಮಾತಾಡುತ್ತವೆ. ಅತಿ ಹಳೆಯ ಗೂಬೆಗಳಲ್ಲಿ ದೇವಿಯ ಶಿರಸ್ತ್ರಾಣ ಬೋಳು. ಪರ್ಷಿಯದ ಯುದ್ಧಗಳ ನಂತರದವಲ್ಲಿ ಅದಕ್ಕೆ ಆಲಿವ್ ಎಲೆಗಳು ಬಂದವು. ಹಿಮ್ಮುಖಕ್ಕೆ ಚಂದ್ರಕಲೆ ಬಂತು. ಅವುಗಳಲ್ಲೂ ಮೊದಲಿನವಲ್ಲಿ ಗೂಬೆಯ ಬಾಲ ಮೂರು ಗರಿಗಳಾಗಿ ಕವಲೊಡೆದಿದೆ. ರಾಶಿ ಅಚ್ಚಿನ ಕಾಲದವಲ್ಲಿ ಒಂದೇ ಮೊನೆ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡಂತೆ ಬಾದಾಮಿ ಆಕಾರದಲ್ಲಿರುವುದು ಐದನೆಯ ಶತಮಾನದ ಶೈಲಿ. ಗ್ರೀಕ್ ಶಿಲ್ಪಿಗಳು ಅದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೂ ಅಥೆನ್ಸ್ ತನ್ನ ನಾಣ್ಯದಲ್ಲಿ ಬಿಡಲಿಲ್ಲ. ದೂರದ ಪೇಟೆಗಳಲ್ಲಿ ಜನ ನಂಬಿದ್ದು ಆ ಮುಖವನ್ನು. ಬದಲಾಯಿಸಿದರೆ ನಂಬಿಕೆಗೇ ಏಟು. ಕಣ್ಣು ಪಕ್ಕನೋಟಕ್ಕೆ ಸರಿಹೊಂದಿದ್ದು ನಾಲ್ಕನೆಯ ಶತಮಾನದಲ್ಲಿ. ಕ್ರಿ.ಪೂ. ಎರಡನೆಯ ಶತಮಾನದ ನಡುವಿನಿಂದ ಬಂದ ಹೊಸ ಮಾದರಿಯಲ್ಲಿ ಬಿಲ್ಲೆ ಅಗಲವಾಯಿತು, ಗೂಬೆ ಎಣ್ಣೆಯ ಜಾಡಿಯ ಮೇಲೆ ನಿಂತಿತು, ಅಧಿಕಾರಿಗಳ ಹೆಸರುಗಳೂ ಮೂಡಿದವು.

ಎರಡು ಬಗೆಯ ಗೂಬೆಗಳು ಈ ಸಾಲಿಗೆ ಹೊರಗು. ಮೊದಲನೆಯದು ಅನುಕರಣೆ. ಈಜಿಪ್ಟ್, ಲೆವಾಂಟ್, ಅರೇಬಿಯದ ದಕ್ಷಿಣ ತುದಿ ಎಲ್ಲ ಕಡೆಯೂ ಸ್ಥಳೀಯರು ಗೂಬೆ ಅಚ್ಚು ಹಾಕಿಕೊಂಡರು. ಈಜಿಪ್ಟಿನ ಅಥ್ರಿಬಿಸ್‌ನಲ್ಲಿ ಅಂಥದೊಂದು ಅಚ್ಚೇ ಸಿಕ್ಕಿದೆ. ಅಕ್ಷರ ತಪ್ಪು, ಎಲೆಗಳು ವಿಚಿತ್ರ, ಕೆಲವು ಕಡೆ ಸ್ಥಳೀಯ ಲಿಪಿಯ ಬರಹ. ಬೆಳ್ಳಿ ಮಾತ್ರ ಚೊಕ್ಕ. ನಿಕೋಫಾನನ ಕಾನೂನು ‘ಹಿಂದಿರುಗಿಸಿ’ ಎಂದದ್ದು ಇಂಥವನ್ನೇ. ಎರಡನೆಯದು ಸ್ವತಃ ಅಥೆನ್ಸಿನ ಸಂಕಟದ ಹಣ. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದ ಸೇನೆ ಡೆಕೆಲಿಯಾದಲ್ಲಿ ಬೀಡುಬಿಟ್ಟಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರೆಂದು ಥುಸಿಡಿಡೀಸ್ ಬರೆಯುತ್ತಾನೆ. ಗಣಿ ನಿಂತಿತು. ಕೆಲವೇ ವರ್ಷಗಳಲ್ಲಿ ಸರ್ಕಾರ ವಿಜಯದೇವತೆಯ ಬಂಗಾರದ ಪ್ರತಿಮೆಗಳನ್ನು ಕರಗಿಸಿತು, ತಾಮ್ರಕ್ಕೆ ಬೆಳ್ಳಿ ಹೊದಿಸಿ ನಾಣ್ಯ ಹೊರಡಿಸಿತು. ಅರಿಸ್ಟೊಫನೀಸ್ ಕ್ರಿ.ಪೂ. 405ರ ತನ್ನ ‘ಕಪ್ಪೆಗಳು’ ನಾಟಕದಲ್ಲಿ ಈ ಹೊಸ ನಾಣ್ಯವನ್ನು ಬಹಿರಂಗವಾಗಿಯೇ ಹಂಗಿಸಿದ.

ಇಂಥ ಅನುಭವದ ಗುರುತು ಎಷ್ಟೋ ಗೂಬೆಗಳ ಮೈಮೇಲೆಯೇ ಇದೆ: ಉಳಿಯಿಂದ ಕಡಿದ ಆಳವಾದ ಗಾಯ. ಒಳಗೂ ಬೆಳ್ಳಿಯೇ ಇದೆಯೇ ಎಂದು ನೋಡಲು ಈಜಿಪ್ಟ್, ಲೆವಾಂಟ್ ಕಡೆಯ ವರ್ತಕರು ಹಾಕಿದ ಕಚ್ಚು. ಅಂದಗೆಡಿಸುವುದರಿಂದ ಬೆಲೆ ತಗ್ಗುತ್ತದೆ. ಆದರೆ ಆ ನಾಣ್ಯ ನಿಜವಾಗಿಯೂ ಪೇಟೆಯಲ್ಲಿ ಓಡಾಡಿತ್ತೆಂಬುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಇಲ್ಲ.

ಸತ್ತ ಮೇಲೂ ಅಲೆಕ್ಸಾಂಡರ್

ಗೂಬೆ ಬಿಟ್ಟರೆ ಸಂಗ್ರಾಹಕರ ಕೈಗೆ ಹೆಚ್ಚು ಸಿಗುವುದು ಅಲೆಕ್ಸಾಂಡರನ ಬೆಳ್ಳಿ. ಒಂದು ಮುಖದಲ್ಲಿ ಸಿಂಹದ ಚರ್ಮ ಹೊದ್ದ ಹೆರಾಕ್ಲಿಸ್, ಇನ್ನೊಂದರಲ್ಲಿ ಪೀಠದ ಮೇಲೆ ಕೂತು ಕೈಯಲ್ಲಿ ಹದ್ದು ಹಿಡಿದ ಜ್ಯೂಸ್, ಪಕ್ಕದಲ್ಲಿ ‘ಅಲೆಕ್ಸಾಂಡರನದು’ ಎಂಬ ಬರಹ. ಹೆಸರು ಓದಲು ಬಂದ ಮಾತ್ರಕ್ಕೆ ನಾಣ್ಯ ಅವನ ಕಾಲದ್ದೆಂದು ತಿಳಿದರೆ ಮೋಸಹೋದಂತೆ. ಕ್ರಿ.ಪೂ. 323ರಲ್ಲಿ ಅವನು ಬ್ಯಾಬಿಲೋನಿನಲ್ಲಿ ಸತ್ತ ನಂತರವೂ ಇನ್ನೂರಕ್ಕೂ ಹೆಚ್ಚು ವರ್ಷ ಅದೇ ಹೆಸರಿನಲ್ಲಿ ಬೇರೆ ಬೇರೆ ನಗರಗಳು ಅಚ್ಚು ಹಾಕಿದವು. ಪೀಠದ ಕೆಳಗೋ ಜ್ಯೂಸನ ಮುಂದೋ ಇರುವ ಪುಟ್ಟ ಗುರುತು, ಕೂಡಕ್ಷರ ನೋಡಿಯೇ ಟಂಕಸಾಲೆ ಯಾವುದು, ಕಾಲ ಯಾವುದು ಎಂದು ಹೇಳಬೇಕು. ಜ್ಯೂಸನ ಕಾಲುಗಳು ಒಂದರ ಹಿಂದೊಂದು ಹೆಣೆದುಕೊಂಡಿದ್ದರೆ ಅದು ಬಹುಮಟ್ಟಿಗೆ ಅಲೆಕ್ಸಾಂಡರ್ ಸತ್ತ ನಂತರದ್ದು.

ಈ ಜಂಜಾಟಕ್ಕೆ ದಾರಿ ತೋರಿದ್ದು ಒಂದು ನಿಧಿ. 1905ರಲ್ಲಿ ಈಜಿಪ್ಟಿನ ದಮನ್‌ಹೂರ್‌ನಲ್ಲಿ ಎಂಟು ಸಾವಿರದಷ್ಟು ಅಲೆಕ್ಸಾಂಡರ್ ನಾಣ್ಯಗಳು ಒಟ್ಟಿಗೆ ಸಿಕ್ಕಿದವು. ಅಮೆರಿಕದ ವಿದ್ವಾಂಸ ಎಡ್ವರ್ಡ್ ನ್ಯೂವೆಲ್ ಅವುಗಳಲ್ಲಿ ಸಾವಿರಾರನ್ನು ಹೋಲಿಸಿ, ಟಂಕಸಾಲೆಗಳನ್ನು ಬೇರ್ಪಡಿಸಿ, ವರುಷಗಳ ಕ್ರಮಕ್ಕೆ ಕೂರಿಸಿ 1923ರಲ್ಲಿ ಪ್ರಕಟಿಸಿದರು. ಒಂದೊಂದಾಗಿ ಚದುರಿಹೋಗಿದ್ದರೆ ಅವು ಏನನ್ನೂ ಹೇಳುತ್ತಿರಲಿಲ್ಲ. ಮಾರ್ಟಿನ್ ಪ್ರೈಸ್ ಅವರ 1991ರ ಸೂಚಿ ಇಂದಿಗೂ ಈ ನಾಣ್ಯಗಳ ಆಧಾರಗ್ರಂಥ. ಇತರ ಗ್ರೀಕ್ ನಾಣ್ಯಗಳಿಗೆ ಬಾರ್ಕ್ಲೆ ಹೆಡ್ 1887ರಲ್ಲಿ ತಂದ ‘ಹಿಸ್ಟೋರಿಯಾ ನ್ಯುಮೋರಮ್’ನಿಂದ ತೊಡಗಬಹುದು.

ಖೋಟಾದ ಕಸುಬು

ಸಂಗ್ರಹದ ಹುಚ್ಚು ಹರಡಿದಂತೆ ಖೋಟಾ ಮಾಡುವವರೂ ಹುಟ್ಟಿಕೊಂಡರು. ಹಳಬರಲ್ಲಿ ಕುಖ್ಯಾತನಾದವನು ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772–1830). ಗ್ರೀಕ್, ರೋಮನ್ ನಾಣ್ಯಗಳ ನೂರಾರು ಅಚ್ಚುಗಳನ್ನು ಕೈಯಿಂದಲೇ ಕೆತ್ತಿ, ಹಳೆಯ ಸವೆದ ನಾಣ್ಯದ ಬೆಳ್ಳಿಯ ಮೇಲೆ ಒತ್ತುತ್ತಿದ್ದ. ಹೊಸ ಹೊಳಪು ಹೋಗಲೆಂದು ಅವನ್ನು ಕಬ್ಬಿಣದ ಪುಡಿಯ ಪೆಟ್ಟಿಗೆಗೆ ಹಾಕಿ ಗಾಡಿಗೆ ಕಟ್ಟಿ ಸವಾರಿ ಹೋಗುತ್ತಿದ್ದನೆಂಬ ಕಥೆ ಇದೆ.

ಅಚ್ಚಿನಲ್ಲಿ ಸುರಿದ ಅಗ್ಗದ ನಕಲನ್ನು ಭೂತಗನ್ನಡಿಯಲ್ಲೇ ಹಿಡಿಯಬಹುದು: ಮೈಯಲ್ಲಿ ಗುಳ್ಳೆಯ ಗುಂಡಿಗಳು, ಅಂಚಿನಲ್ಲಿ ಬೆಸುಗೆಯ ಗೆರೆ, ಅಕ್ಷರಗಳ ಮೂಲೆ ಮೊಂಡು. ಸುತ್ತಿಗೆಯೇಟಿಗೆ ಬೆಳ್ಳಿ ಹರಿದ ಸೂಕ್ಷ್ಮ ಗೆರೆಗಳು ಅದರಲ್ಲಿ ಇರುವುದಿಲ್ಲ. ಎರಡು ನಾಣ್ಯಗಳ ಅಚ್ಚು ಒಂದೇ ಇರಬಹುದು; ಬಿರುಕು, ಗೀರು, ವಾಲಿದ ಬಗೆಯೂ ಒಂದೇ ಇದ್ದರೆ ಒಂದಾದರೂ ನಕಲು. ಲೋಹ ಪರೀಕ್ಷಿಸಲು ಹಳೆಯ ಉಪಾಯ ನೀರು. ಚೊಕ್ಕ ಬೆಳ್ಳಿಯ 17.2 ಗ್ರಾಂ ನಾಣ್ಯ ನೀರಿನಲ್ಲಿ ಮುಳುಗಿದಾಗ ಸುಮಾರು 1.64 ಗ್ರಾಂ ತೂಕ ಕಳೆದುಕೊಳ್ಳುತ್ತದೆ. ಅಷ್ಟೇ ತೂಕದ ತಾಮ್ರವಾದರೆ 1.92 ಗ್ರಾಂ. ಪ್ರಯೋಗಾಲಯದಲ್ಲಾದರೆ ಇನ್ನೊಂದು ಸುಳಿವು ಸಿಗುತ್ತದೆ. ಸೀಸದ ಅದಿರಿನಿಂದ ಪುಟವಿಟ್ಟು ತೆಗೆದ ಹಳೆಯ ಬೆಳ್ಳಿಯಲ್ಲಿ ಸೀಸದ, ಚಿನ್ನದ ಲೇಶ ಉಳಿದಿರುತ್ತದೆ. ಈಗಿನ ಶುದ್ಧೀಕರಿಸಿದ ಬೆಳ್ಳಿಯಲ್ಲಿ ಅದು ಇರುವುದಿಲ್ಲ.

ಆದರೂ ತಜ್ಞರು ಏಮಾರಿದ್ದುಂಟು. 1988ರಲ್ಲಿ ಕಪ್ಪು ಸಮುದ್ರ ತೀರದ ಅಪೊಲೋನಿಯಾ, ಮೆಸೆಂಬ್ರಿಯಾ ನಗರಗಳ ಪುಟ್ಟ ಬೆಳ್ಳಿ ನಾಣ್ಯಗಳು ಹಠಾತ್ತನೆ ನೂರಾರು ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು. ಅಸಲಿ ಎಂದವರು, ಅಲ್ಲವೆಂದವರು ಎರಡು ಬಣವಾದರು. ಕೊನೆಗೆ ಅವು ಆಧುನಿಕ ಯಂತ್ರದಲ್ಲಿ ಒತ್ತಿದ ಖೋಟಾ ಎಂಬ ತೀರ್ಮಾನವಾಯಿತು. ಎಲ್ಲಿ ಸಿಕ್ಕಿತು, ಯಾರು ಅಗೆದರು ಎಂದು ಮೊದಲೇ ಪಟ್ಟು ಹಿಡಿದು ಕೇಳಿದ್ದರೆ ಆ ವಾದ ಅಷ್ಟು ದಿನ ಎಳೆಯುತ್ತಿರಲಿಲ್ಲ.

ನಾಲ್ಕನೆಯ ಪ್ರಶ್ನೆ

1984ರಲ್ಲಿ ಟರ್ಕಿಯ ಎಲ್ಮಲಿ ಬಳಿ ಲೋಹಶೋಧಕ ಹಿಡಿದು ಹೊರಟವರಿಗೆ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಅಥೆನ್ಸಿನ ಹತ್ತು ಡ್ರಾಕ್ಮದ ನಾಣ್ಯಗಳೇ ಹತ್ತಕ್ಕೂ ಹೆಚ್ಚು. ಅಲ್ಲಿಯವರೆಗೆ ಇಡೀ ಜಗತ್ತಿನಲ್ಲಿ ಗೊತ್ತಿದ್ದದ್ದು ಬೆರಳೆಣಿಕೆಯಷ್ಟು. ‘ಶತಮಾನದ ನಿಧಿ’ ಎಂದೇ ಹೆಸರಾದ ಈ ರಾಶಿ ಕಳ್ಳದಾರಿಯಲ್ಲಿ ಜರ್ಮನಿ ದಾಟಿ, ಬಹುಪಾಲು ಅಮೆರಿಕದ ಹೂಡಿಕೆದಾರರ ಕೈ ಸೇರಿತು. ಟರ್ಕಿ ಮೊಕದ್ದಮೆ ಹೂಡಿತು. ಸುದೀರ್ಘ ಹೋರಾಟದ ನಂತರ 1999ರಲ್ಲಿ ಅಮೆರಿಕದಲ್ಲಿದ್ದ ನಾಣ್ಯಗಳು ಮರಳಿದವು. ಮಡಕೆಯಲ್ಲಿ ಯಾವುದರ ಪಕ್ಕ ಯಾವುದಿತ್ತು, ಸುತ್ತ ಇನ್ನೇನಿತ್ತು ಎಂಬುದು ಮರಳಲಿಲ್ಲ.

ಇನ್ನೊಂದು ಪ್ರಕರಣ 2012ರ ಜನವರಿಯದು. ನ್ಯೂಯಾರ್ಕಿನ ನಾಣ್ಯಮೇಳವೊಂದರಲ್ಲಿ ಅಮೆರಿಕದ ಹೆಸರುವಾಸಿ ಸಂಗ್ರಾಹಕರೊಬ್ಬರು ಬಂಧನಕ್ಕೊಳಗಾದರು. ಸಿಸಿಲಿಯಲ್ಲಿ ಇತ್ತೀಚೆಗಷ್ಟೇ ಕದ್ದು ಅಗೆದವೆಂದು ತಾವೇ ನಂಬಿದ್ದ ನಾಣ್ಯಗಳನ್ನು ಮಾರಲು ಅವರು ಹೊರಟಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ ಅವೆಲ್ಲ ಖೋಟಾ ಎಂದು ಬಯಲಾಯಿತು. ತಪ್ಪೊಪ್ಪಿಕೊಂಡ ಅವರಿಗೆ ಸಮುದಾಯ ಸೇವೆಯ ಜೊತೆಗೆ, ಮೂಲ ಗೊತ್ತಿಲ್ಲದ ನಾಣ್ಯಗಳ ಅಪಾಯದ ಬಗ್ಗೆ ಲೇಖನ ಬರೆಯುವ ಶಿಕ್ಷೆಯೂ ಬಿತ್ತು. ಕಾಗದಪತ್ರವಿಲ್ಲದ ನಾಣ್ಯ ಒಂದೋ ಕದ್ದದ್ದಾಗಿರಬಹುದು, ಇಲ್ಲವೇ ಖೋಟಾ ಆಗಿರಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಬ್ರಹ್ಮಗಿರಿಯ ಬಂಡೆಗೆ ಬಂದ ಬೆಳಕು

ನಮ್ಮ ದೇಶದ ಸಂಗ್ರಾಹಕರಿಗೆ ಹತ್ತಿರದ ಗ್ರೀಕ್ ನಾಣ್ಯವೆಂದರೆ ಇಂಡೋ-ಗ್ರೀಕ್ ಅರಸರದು. ಹಿಂದೂಕುಶ್ ದಾಟಿ ಬಂದ ಈ ಅರಸರು ಅಥೆನ್ಸಿನ ತೂಕ ಬಿಟ್ಟು ಸುಮಾರು 2.45 ಗ್ರಾಂನ ಡ್ರಾಕ್ಮ ಹೊರಡಿಸಿದರು. ಒಂದು ಮುಖದಲ್ಲಿ ಗ್ರೀಕ್, ಇನ್ನೊಂದರಲ್ಲಿ ಖರೋಷ್ಠಿ ಬರಹ. ಅಪೊಲೊಡೋಟಸ್, ಮಿನಾಂಡರ್ ಹೆಸರಿನ ಹಳೆಯ ಡ್ರಾಕ್ಮಗಳು ಭರೂಚಿನ ಪೇಟೆಯಲ್ಲಿ ತನ್ನ ಕಾಲದಲ್ಲೂ ಚಲಾವಣೆಯಲ್ಲಿವೆ ಎಂದು ಕ್ರಿ.ಶ. ಮೊದಲ ಶತಮಾನದ ‘ಪೆರಿಪ್ಲಸ್’ ಕರ್ತೃ ಹೇಳುತ್ತಾನೆ.

1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಅಫ್ಘಾನಿಸ್ತಾನದಲ್ಲಿ ಕಲೆಹಾಕಿದ ಇಂಥ ನಾಣ್ಯಗಳು ಜೇಮ್ಸ್ ಪ್ರಿನ್ಸೆಪ್ ಕೈಗೆ ಬಂದವು. ಗ್ರೀಕಿನಲ್ಲಿರುವ ಅರಸನ ಹೆಸರೇ ಹಿಂಬದಿಯಲ್ಲೂ ಇರಬೇಕೆಂಬ ಊಹೆಯಿಂದ ಖರೋಷ್ಠಿ ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡವು. ಬ್ರಾಹ್ಮಿಯಲ್ಲಿ ಬರೆಸಿದ ಅಗಥೋಕ್ಲಿಸ್ ಅರಸನ ನಾಣ್ಯದಿಂದ ಕ್ರಿಸ್ಟಿಯನ್ ಲಾಸೆನ್ 1836ರಲ್ಲಿ ಕೆಲವು ಬ್ರಾಹ್ಮಿ ಅಕ್ಷರ ಗುರುತಿಸಿದರು. ಮರುವರ್ಷ ಪ್ರಿನ್ಸೆಪ್ ಬ್ರಾಹ್ಮಿಯನ್ನು ಪೂರ್ತಿ ಓದಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದಾಗ ಎರಡೂ ಲಿಪಿಗಳ ಕೀಲಿ ಕೈಯಲ್ಲಿತ್ತು. ಆ ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಯ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಕನ್ನಡನಾಡಿನ ಬಂಡೆಯ ಮೇಲಿನ ಆ ಒಂದು ಪದ ಓದಲು ಬಂದದ್ದು ವಾಯವ್ಯದ ಬೆಳ್ಳಿ, ತಾಮ್ರದ ತುಣುಕುಗಳ ದೆಸೆಯಿಂದ.

1970ರಲ್ಲೇ ಅಫ್ಘಾನಿಸ್ತಾನದ ಐ ಖಾನುಮ್ ಉತ್ಖನನದಲ್ಲಿ ಅಗಥೋಕ್ಲಿಸನ ಆರು ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅವುಗಳ ಮೇಲೆ ವಾಸುದೇವ ಕೃಷ್ಣ ಮತ್ತು ಬಲರಾಮ. ಸಿಕ್ಕಿದ ಜಾಗ ಖಚಿತವಾಗಿ ಗೊತ್ತಿರುವುದರಿಂದ ಭಾಗವತ ಪಂಥದ ಚರಿತ್ರೆಗೆ ಅವು ಗಟ್ಟಿ ಆಧಾರ. ಅದೇ ದೇಶದ ಮೀರ್ ಜಕಾಹ್ ಎಂಬಲ್ಲಿ 1990ರ ದಶಕದ ಮೊದಲಿಗೆ ಲಕ್ಷಗಟ್ಟಲೆ ನಾಣ್ಯ ಎದ್ದು ಪೆಶಾವರದ ಅಂಗಡಿಗಳ ಮೂಲಕ ಲೋಕವಿಡೀ ಚೆಲ್ಲಿಹೋದವು. ದಾಖಲೆಯಿರುವ ಆರು ನಾಣ್ಯ ಹೇಳಿದಷ್ಟನ್ನು ದಾಖಲೆಯಿಲ್ಲದ ಆ ರಾಶಿ ಹೇಳಲಾರದು.

ಹಾಗಾದರೆ ಸಂಗ್ರಹ ಬಿಡಬೇಕೇ? ಬೇಕಿಲ್ಲ. ಮ್ಯಾಸನ್, ನ್ಯೂವೆಲ್ ಇಬ್ಬರೂ ಸಂಗ್ರಾಹಕರೇ. ಮೊದಲು ಪುಸ್ತಕ ಕೊಳ್ಳಿ, ಆಮೇಲೆ ನಾಣ್ಯ. ಒಳ್ಳೆಯ ಗೂಬೆಗೆ ಹಣ ಕೂಡಿಸುವ ಮುನ್ನ ಸವೆದ ಓಬಲ್‌ಗಳನ್ನು ತೂಗಿ, ಅಳೆದು, ಸೂಚಿಯಲ್ಲಿ ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ಹಳೆಯ ಹರಾಜಿನ ಚಿತ್ರ, ರಸೀದಿ, ಹಿಂದಿನ ಒಡೆಯರ ವಿವರ ಇದ್ದರೆ ಮಾತ್ರ ಕೊಳ್ಳಿ. ‘ಈಗಷ್ಟೇ ಸಿಕ್ಕಿದ್ದು’ ಎಂದವರ ಕಡೆ ಬೆನ್ನು ಮಾಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ. ನಿಮ್ಮದೇ ಹೊಲದಲ್ಲಿ ನೇಗಿಲಿಗೆ ನಾಣ್ಯದ ಗಡಿಗೆ ತಾಕಿದರೆ, ಅದು ಯಾವ ಕಾಲದ್ದೇ ಇರಲಿ, ತೊಳೆಯಬೇಡಿ, ಹಂಚಿಕೊಳ್ಳಬೇಡಿ. ಇದ್ದಲ್ಲೇ ಬಿಟ್ಟು ಜಿಲ್ಲಾಡಳಿತಕ್ಕೆ ತಿಳಿಸಿ. ಕಾನೂನು ಕೇಳುವುದೂ ಅದನ್ನೇ, ಚರಿತ್ರೆ ಕೇಳುವುದೂ ಅದನ್ನೇ.